ತಂತಿಗೆ ಚುಚ್ಚಿಟ್ಟ ಕಾಗದಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಪತ್ರಗಳು ಮತ್ತು ಛಾಯಾಚಿತ್ರಗಳನ್ನು ಕುರಿತು ಬಂದ ಪ್ರಶ್ನೆಗಳಲ್ಲಿ ಮೂರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಮ್ಮ ಹಳೆಯ ಮನೆಯ ಅಟ್ಟದಲ್ಲಿ ತಾತನವರಿಗೆ ಬಂದ ಸುಮಾರು ಇನ್ನೂರು ಕಾಗದಗಳು, ಬಹುಪಾಲು ಪೋಸ್ಟ್ ಕಾರ್ಡುಗಳು, ಒಂದೇ ತಂತಿಗೆ ಚುಚ್ಚಿದ ಸ್ಥಿತಿಯಲ್ಲಿ ಸಿಕ್ಕಿವೆ. ಕೆಲವಕ್ಕೆ ಇಸವಿಯೇ ಇಲ್ಲ. ಒಂದರ ಮೇಲೆ ‘ಬಹುಧಾನ್ಯ ಸಂ|| ಚೈತ್ರ ಬಹುಳ’ ಎಂದಷ್ಟೇ ಇದೆ. ಇವನ್ನು ಬಿಡಿಸಿ, ವಿಷಯವಾರು ವಿಂಗಡಿಸಿ, ಲ್ಯಾಮಿನೇಶನ್ ಮಾಡಿಸಿದರೆ ಉಳಿಯುತ್ತವೆಯೇ?
— ಓದುಗರೊಬ್ಬರು, ಗೌರಿಬಿದನೂರು

ಉತ್ತರ: ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ವಿಂಗಡಿಸುವ ಕೆಲಸಕ್ಕೂ ಈಗಲೇ ಕೈಹಾಕಬೇಡಿ. ತಮ್ಮ ತಾತನವರು ಬಿಟ್ಟುಹೋಗಿರುವ ಆಸ್ತಿಯಲ್ಲಿ ಕಾಗದಗಳ ಜೊತೆಗೆ ಅವು ಆ ತಂತಿಯಲ್ಲಿ ಕುಳಿತಿರುವ ಕ್ರಮವೂ ಸೇರಿದೆ. ಕಾಗದ ಬಂದ ದಿನ ಓದಿ, ಉತ್ತರ ಬರೆದು, ತಂತಿಗೆ ಚುಚ್ಚುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಹಾಗಾಗಿ ತಳದಲ್ಲಿರುವುದು ಮೊದಲು ಬಂದದ್ದು, ಮೇಲಿರುವುದು ಕೊನೆಗೆ ಬಂದದ್ದು. ಇಸವಿ ಇಲ್ಲದ ಒಂದು ಕಾರ್ಡಿನ ಕೆಳಗೂ ಮೇಲೂ ಅಂಚೆಯ ಮೊಹರು ಸ್ಪಷ್ಟವಾಗಿರುವ ಕಾರ್ಡುಗಳಿದ್ದರೆ, ನಡುವಿನದು ಯಾವ ತಿಂಗಳಿನದೆಂಬುದನ್ನು ಬಹುಮಟ್ಟಿಗೆ ಹೇಳಿಬಿಡಬಹುದು. ಮದುವೆಯವನ್ನು ಒಂದು ಕಡೆ, ಜಮೀನಿನ ವ್ಯವಹಾರದವನ್ನು ಇನ್ನೊಂದು ಕಡೆ ಎಂದು ಬೇರ್ಪಡಿಸಿದ ಗಳಿಗೆಯಲ್ಲಿ ಈ ಸಾಕ್ಷ್ಯ ಅಳಿಸಿಹೋಗುತ್ತದೆ, ಅದನ್ನು ಮತ್ತೆ ಕಟ್ಟಲು ಯಾರಿಂದಲೂ ಆಗುವುದಿಲ್ಲ. ಪತ್ರಾಗಾರಗಳಲ್ಲಿ ಯಾವುದೇ ಸಂಗ್ರಹವನ್ನು ಅದು ಬಂದ ಕ್ರಮದಲ್ಲೇ ಕಾಪಾಡಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ತಂತಿಯನ್ನು ಹಾಗೆಯೇ ಇಟ್ಟು ನಾಲ್ಕು ಮಗ್ಗುಲಿನಿಂದ ಫೋಟೋ ತೆಗೆದುಕೊಳ್ಳಿ. ಅನಂತರ ತಂತಿಯ ಮೇಲ್ತುದಿಯ ಕೊಕ್ಕೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಒಂದೊಂದೇ ಕಾಗದವನ್ನು ಎರಡೂ ಕೈಗಳಿಂದ ನೇರವಾಗಿ ಮೇಲಕ್ಕೆತ್ತಿ. ನಡುವಿನ ತೂತಿನ ಸುತ್ತ ತುಕ್ಕು ಹಿಡಿದಿರುವ ಕಂದು ಉಂಗುರ ಕಾಣಿಸುತ್ತದೆ. ಅಲ್ಲಿ ಕಾಗದ ಹಪ್ಪಳದಷ್ಟು ಪೆಡಸಾಗಿರುವುದರಿಂದ ಎಳೆದರೆ ಹರಿಯುತ್ತದೆ. ತೆಗೆದ ಕಾಗದದ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಕ್ರಮಸಂಖ್ಯೆ ಹಾಕಿ. ಬಾಲ್ ಪೆನ್ ಎಂದಿಗೂ ಬೇಡ.

ಇನ್ನು ಇಸವಿಯ ವಿಚಾರ. ಸಂವತ್ಸರಗಳ ಚಕ್ರ 60 ವರ್ಷಗಳದು. ಬಹುಧಾನ್ಯ ಸಂವತ್ಸರ 1878ರಲ್ಲಿ, 1938ರಲ್ಲಿ ಮತ್ತು 1998ರಲ್ಲಿ ಆರಂಭವಾಯಿತು. ಭಾರತದಲ್ಲಿ ಪೋಸ್ಟ್ ಕಾರ್ಡು ಬಂದದ್ದೇ 1879ರ ಜುಲೈಯಲ್ಲಿ, ಅಂದರೆ ಆ ಶತಮಾನದ ಬಹುಧಾನ್ಯದ ಚೈತ್ರಕ್ಕೆ ಕಾರ್ಡೇ ಇರಲಿಲ್ಲ. ತಮ್ಮ ಕಾರ್ಡಿನ ಮೇಲೆ ಅಚ್ಚಾಗಿರುವುದು ಆರನೇ ಜಾರ್ಜ್ ದೊರೆಯ ತಲೆಯಾಗಿದ್ದರೆ ಅದು 1938ರದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಆ ವರ್ಷದ ಚೈತ್ರ ಬಹುಳವೆಂದರೆ ಏಪ್ರಿಲ್ ತಿಂಗಳ ಎರಡನೆಯ ಅರ್ಧ. ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದ ಏಪ್ರಿಲ್ 25 ಬರುವುದು ಆ ಪಕ್ಷದಲ್ಲಿಯೇ. ತಮ್ಮದೇ ತಾಲ್ಲೂಕಿನ ಊರು ಅದು, ಆಗ ಕೋಲಾರ ಜಿಲ್ಲೆಗೆ ಸೇರಿತ್ತು. ಆ ಕಾರ್ಡಿನ ಪ್ರತಿಯೊಂದು ಸಾಲನ್ನೂ ನಿಧಾನವಾಗಿ ಓದಿ ಎಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ‘ಉಭಯಕುಶಲೋಪರಿ ಸಾಂಪ್ರತ’ ಎಂಬ ವಾಡಿಕೆಯ ಒಕ್ಕಣೆ ಮುಗಿದ ಮೇಲೆ ಬರುವ ವಿಷಯದಲ್ಲಿ ಸಂತೆ ಸೇರಲಿಲ್ಲವೆಂದೋ, ನೆಂಟರು ಹೊರಡಲಿಲ್ಲವೆಂದೋ ಇರುವ ಒಂದು ಮಾತು ಕೂಡ ಆ ದಿನಗಳ ಚರಿತ್ರೆಗೆ ಬೇಕಾದದ್ದು.

ಉಳಿದವಕ್ಕೂ ಗುರುತುಗಳಿವೆ. ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ ಅದು 1957ರ ಏಪ್ರಿಲ್ 1ರ ನಂತರದ್ದು, ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ರಾಜ್ಯದ ಹೆಸರು ಮೈಸೂರು ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗೆ ಮುಂಚಿನದು.

ಲ್ಯಾಮಿನೇಶನ್ ಬೇಡವೆಂದು ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಮನೆಯಲ್ಲಾದ ನಷ್ಟವೂ ಕಾರಣ. ತಂದೆಯವರು ನನಗೆ ಬರೆದ ಒಂದು ಇನ್‌ಲ್ಯಾಂಡ್ ಪತ್ರವನ್ನು ಇಪ್ಪತ್ತು ವರ್ಷಗಳ ಹಿಂದೆ ತುಮಕೂರಿನ ಅಂಗಡಿಯೊಂದರಲ್ಲಿ ಲ್ಯಾಮಿನೇಟ್ ಮಾಡಿಸಿದ್ದೆ. ಅಂಚಿನಲ್ಲಿ ತೇವ ಒಳಸೇರಿ ಈಗ ಅದರಲ್ಲಿ ಗುಳ್ಳೆಗಳೆದ್ದಿವೆ. ಬಿಡಿಸಲು ಹೋದಾಗ ಅವರ ಸಹಿಯ ಕೊನೆಯ ಎರಡು ಅಕ್ಷರಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಬಂದವು. ಕಾಗದದಲ್ಲಿಯೂ ಹಳೆಯ ಕಪ್ಪು ಶಾಯಿಯಲ್ಲಿಯೂ ಇರುವ ಆಮ್ಲ ಪ್ಲಾಸ್ಟಿಕ್ಕಿನೊಳಗೆ ತನ್ನ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತದೆ, ಹಾಗೂ ಬಿಸಿಯಲ್ಲಿ ಅಂಟಿಸಿದ್ದನ್ನು ಮೂಲಕ್ಕೆ ಧಕ್ಕೆಯಾಗದಂತೆ ಬಿಡಿಸುವುದು ನುರಿತವರಿಗೂ ಕಷ್ಟ. ಸಂರಕ್ಷಣಾಲಯಗಳಲ್ಲಿ ಹರಿದ ಕಾಗದವನ್ನು ತೆಳುವಾದ ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟಿನಿಂದ ಜೋಡಿಸುತ್ತಾರೆ. ಮುಂದೆ ಬೇಕೆನಿಸಿದರೆ ಅದನ್ನು ತೇವ ಮಾಡಿ ತೆಗೆಯಬಹುದು. ತಾವು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿಟ್ಟು, ನೆಲಕ್ಕೂ ಹೊರಗೋಡೆಗೂ ತಾಗದ ಬೀರುವಿನಲ್ಲಿ ಇರಿಸಿದರೆ ಸಾಕು. ಅಟ್ಟ ಮಾತ್ರ ಬೇಡ, ಬೇಸಿಗೆಯ ಕಾವು ಮೊದಲು ತಟ್ಟುವುದು ಅಲ್ಲಿಗೆ.

ಪ್ರಶ್ನೆ: ಮುತ್ತಾತನವರು ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ದಪ್ಪ ರಟ್ಟಿಗೆ ಅಂಟಿಸಿದ ಒಂದು ಗುಂಪು ಫೋಟೋದಲ್ಲಿ ಅವರಿದ್ದಾರೆ. ಕಪ್ಪು ಭಾಗಗಳಲ್ಲಿ ಬೆಳ್ಳಿಯಂಥ ಹೊಳಪು ಬಂದಿದೆ. ಇದನ್ನು ಒರೆಸಿ ತೆಗೆಯಬಹುದೇ? ಫೋಟೋ ಯಾವ ಕಾಲದ್ದು?
— ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಒರೆಸಬೇಡಿ, ಅದು ಧೂಳಲ್ಲ. ಚಿತ್ರವನ್ನು ಮೂಡಿಸಿರುವ ಬೆಳ್ಳಿಯೇ ತೇವಕ್ಕೂ ಕೆಟ್ಟ ಗಾಳಿಗೂ ಸಿಕ್ಕಿ ಮೇಲ್ಮೈಗೆ ಬಂದು ಹಾಗೆ ಹೊಳೆಯುತ್ತದೆ. ಇದು ಜೆಲಟಿನ್ ಲೇಪದ ಫೋಟೋಗಳ ಗುರುತು, ಆದ್ದರಿಂದ ತಮ್ಮದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಗಿಂತ ಹಿಂದಿನದಾಗಿರಲಾರದು. ಅದಕ್ಕೂ ಮುಂಚೆ ಹೆಚ್ಚಾಗಿ ಬಳಕೆಯಲ್ಲಿದ್ದ, ಮೊಟ್ಟೆಯ ಬಿಳಿಯನ್ನು ಲೇಪಿಸಿದ ಕಾಗದದ ಚಿತ್ರಗಳು ಕಂದು ಛಾಯೆಯವು, ಬಿಳಿಯ ಭಾಗಗಳು ಹಳದಿಗೆ ತಿರುಗಿರುತ್ತವೆ. ಹಿನ್ನೆಲೆಯಲ್ಲಿ ವಿದ್ಯುತ್ ಕಂಬವೋ ದೀಪವೋ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಹೆಸರುಗಳ ವಿಚಾರ. ಗಣಿಗಳ ಹಳೆಯ ಚಿತ್ರಗಳೆಷ್ಟೋ ಉಳಿದಿವೆ, ಆದರೆ ಅವುಗಳಲ್ಲಿ ಬರೆದಿರುವ ಹೆಸರು ಅನೇಕ ವೇಳೆ ಯಂತ್ರದ್ದೋ ಅಧಿಕಾರಿಯದೋ ಆಗಿರುತ್ತದೆ. ಶಾಫ್ಟಿನ ಬಾಯಲ್ಲಿ ಬುತ್ತಿ ಹಿಡಿದು ನಿಂತವರು ಬರಿಯ ಕೂಲಿಗಳೆಂದು ಉಳಿಯುತ್ತಾರೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಲೈನ್ ಮನೆಗಳಿಂದ ಎಷ್ಟೋ ಕುಟುಂಬಗಳು ಚದುರಿಹೋದವು. ತಮ್ಮ ಮನೆಯಲ್ಲಿ ಮುಖಗಳನ್ನು ಗುರುತಿಸಬಲ್ಲ ಅಜ್ಜಿಯೋ ದೊಡ್ಡಪ್ಪನೋ ಇದ್ದರೆ, ಫೋಟೋವನ್ನು ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ, ಆ ಪ್ರಿಂಟಿನಲ್ಲಿ ಒಬ್ಬೊಬ್ಬರ ಎದೆಯ ಮೇಲೂ ಅಂಕಿ ಬರೆದು, ಅಂಕಿಗೆ ತಕ್ಕಂತೆ ಹೆಸರು, ಊರು, ಮಾಡುತ್ತಿದ್ದ ಕೆಲಸ ಇವನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳಿ. ಅವರು ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದರೆ ಅದನ್ನು ಹಾಗೆಯೇ ದಾಖಲಿಸಿ. ಈ ಕೆಲಸವನ್ನು ಬರುವ ಹಬ್ಬಕ್ಕೆ ಮುಂದೂಡಬೇಡಿ.

ಪ್ರಶ್ನೆ: ಮನೆಯ ಕಾಗದಪತ್ರಗಳನ್ನು ಪತ್ರಾಗಾರಕ್ಕೆ ಕೊಟ್ಟರೆ ಅವು ನಮ್ಮ ಕೈತಪ್ಪಿದಂತೆಯೇ? ಹಳೆಯ ಸರ್ಕಾರಿ ಕಡತಗಳಲ್ಲಿ ನಮ್ಮ ಊರಿನ ವಿಷಯ ಹುಡುಕುವುದು ಹೇಗೆ?
— ಓದುಗರೊಬ್ಬರು, ತಿಪಟೂರು

ಉತ್ತರ: ಪತ್ರಾಗಾರಗಳು ಸರ್ಕಾರಿ ಕಡತಗಳ ಜೊತೆಗೆ ಖಾಸಗಿ ಸಂಗ್ರಹಗಳನ್ನೂ ಸ್ವೀಕರಿಸುತ್ತವೆ. ಮೂಲವನ್ನೇ ಕೊಡುವುದೋ, ಸ್ಕ್ಯಾನ್ ಮಾಡಿಸಲು ಒಪ್ಪಿಸಿ ಹಿಂದಕ್ಕೆ ಪಡೆಯುವುದೋ, ಯಾವ ಪತ್ರವನ್ನು ಎಷ್ಟು ವರ್ಷ ಇತರರಿಗೆ ತೋರಿಸಬಾರದೋ ಇವೆಲ್ಲವನ್ನೂ ಮೊದಲೇ ಮಾತಾಡಿ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಬಾಯಿಮಾತಿನ ಮೇಲೆ ಯಾರಿಗೂ ಕೊಡಬೇಡಿ.

ಹುಡುಕಾಟಕ್ಕೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಿಂದ ಆರಂಭಿಸಬಹುದು. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು, ಅನಂತರ ಅರಸರಿಗೆ ಮರಳಿತು. ತಾವು ಅರಸುತ್ತಿರುವ ಸಂಗತಿ ಯಾವ ಕಾಲದ್ದೆಂದು ತಿಳಿದಿದ್ದರೆ ಯಾವ ಕಡತಸರಣಿ ನೋಡಬೇಕೆಂಬುದು ಸುಲಭವಾಗಿ ಗೊತ್ತಾಗುತ್ತದೆ. 1891ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ ಈಗ ದೆಹಲಿಯಲ್ಲಿರುವ ರಾಷ್ಟ್ರೀಯ ಅಭಿಲೇಖಾಗಾರದ ಸೂಚಿಗಳನ್ನು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಅಲ್ಲಿ ಊರಿನ ಹೆಸರನ್ನು ಇಂಗ್ಲಿಷರು ಬರೆಯುತ್ತಿದ್ದ ಕಾಗುಣಿತದಲ್ಲಿಯೇ ಹುಡುಕಬೇಕು: ತುಮಕೂರಿಗೆ ‘ಟುಮ್‌ಕೂರ್’ ಎಂದು, ತಿಪಟೂರಿಗೆ ‘ಟಿಪ್ಟೂರ್’ ಎಂದು. ಒಂದು ಕಾಗುಣಿತಕ್ಕೆ ಸಿಗದಿದ್ದರೆ ತಾಲ್ಲೂಕಿನ ಹೆಸರಿನಿಂದ, ಅದಕ್ಕೂ ಸಿಗದಿದ್ದರೆ ಕೆರೆ, ಜಾತ್ರೆ, ರೈಲು ಮಾರ್ಗ ಹೀಗೆ ವಿಷಯದ ಹೆಸರಿನಿಂದ ಪ್ರಯತ್ನಿಸಿ, ಸಿಕ್ಕ ಕಡತದ ಸಂಖ್ಯೆಯನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಿ.