2 ಮತ್ತು 5 ರೂಪಾಯಿ ನಾಣ್ಯಗಳು ಸೇರಿ 40 ಇವೆ, ಒಟ್ಟು ಮೊತ್ತ 125 ರೂಪಾಯಿ. ಯಾವುದು ಎಷ್ಟು?
ಇಲ್ಲಿ ಎರಡು ಬೇರೆ ಬೇರೆ ಮಾಹಿತಿ ಇದೆ: ನಾಣ್ಯಗಳ ಸಂಖ್ಯೆ ಮತ್ತು ಅವುಗಳ ಬೆಲೆ. ಒಂದೊಂದಕ್ಕೂ ಒಂದು ಸಮೀಕರಣ. ಎರಡರ ನಾಣ್ಯಗಳು ‘ಎ’, ಐದರವು ‘ಐ’ ಎಂದಿಟ್ಟುಕೊಳ್ಳಿ.

ಎ + ಐ = 40
2ಎ + 5ಐ = 125

‘ಎ’ ಅಂದರೆ ಎಷ್ಟು ನಾಣ್ಯ ಅಂತ, ಎಷ್ಟು ರೂಪಾಯಿ ಅಂತಲ್ಲ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ಇದನ್ನು ಮೊದಲ ಸಾಲಿನಲ್ಲೇ ಬರೆದಿಡುವುದು ಒಳ್ಳೆಯದು.

ಮೊದಲನೆಯದನ್ನು 2ರಿಂದ ಗುಣಿಸಿ: 2ಎ + 2ಐ = 80. ಇದನ್ನು ಎರಡನೆಯದರಿಂದ ಕಳೆದರೆ 3ಐ = 45. ಅಲ್ಲಿಗೆ ಐ = 15, ಎ = 25. ತಾಳೆ ನೋಡಿ: 50 + 75 = 125.

ಈ ಕಳೆಯುವಿಕೆಗೆ ಅರ್ಥವೂ ಇದೆ, ನನಗೆ ಇಷ್ಟವಾಗುವ ಭಾಗವೇ ಅದು. 40ಕ್ಕೆ 40 ಎರಡರ ನಾಣ್ಯಗಳೇ ಆಗಿದ್ದರೆ 80 ರೂಪಾಯಿ ಇರುತ್ತಿತ್ತು, ಕೊರತೆ 45. ಒಂದು ಎರಡರ ನಾಣ್ಯ ತೆಗೆದು ಐದರದ್ದು ಇಟ್ಟರೆ 3 ರೂಪಾಯಿ ಹೆಚ್ಚುತ್ತದೆ. ಹಾಗಾದರೆ 15 ನಾಣ್ಯ ಬದಲಿಸಬೇಕು.

ಮೊತ್ತ 126 ಎಂದು ಕೊಟ್ಟಿದ್ದರೆ 46 ಮೂರರಿಂದ ಭಾಗವಾಗುವುದಿಲ್ಲ, ಅಂಥ ಲೆಕ್ಕಕ್ಕೆ ಉತ್ತರವೇ ಇಲ್ಲ. 50 ಪೈಸೆ ನಾಣ್ಯವೂ ಬಂದರೆ ಎಲ್ಲವನ್ನೂ ಪೈಸೆಗೆ ತಂದುಕೊಂಡೇ ಸಮೀಕರಣ ಬರೆಯಿರಿ.