ಸ್ಯಾನ್ ಸ್ಟಾರ್ಮ್: ಮುಂಗಡ ಕೊಡೋ ಮುಂಚೆ ಕಾರಿನಡಿ ಮಲಗಿ ನೋಡಿ

ನೀವು ಕೇಳಿದ್ದು ಇಷ್ಟು: ಕುಮಟಾ ಹತ್ತಿರದ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ನಿಂತ ಗೋವಾ ನಂಬರಿನ, ಛಾವಣಿ ಮಡಿಚುವ ಸ್ಯಾನ್ ಸ್ಟಾರ್ಮ್ ಕಾರು ಇದೆ, ಬಾಡಿಯಲ್ಲಿ ಒಂದು ಚೂರೂ ತುಕ್ಕಿಲ್ಲ, ಈಗಿನವರು ಮೂರನೇ ಮಾಲೀಕರಂತೆ, ತಗೊಂಡು ಸರಿ ಮಾಡಬಹುದಾ?

ಸರಿ ಮಾಡಬಹುದು ಮಾರಾಯ್ರೇ. ಆದರೆ ಬಾಡಿಯಲ್ಲಿ ತುಕ್ಕಿಲ್ಲ ಅನ್ನೋದನ್ನ ಲೆಕ್ಕಕ್ಕೆ ಹಿಡೀಬೇಡಿ. ಅದು ಫೈಬರ್ ಬಾಡಿ, ಅದಕ್ಕೆ ತುಕ್ಕು ಹಿಡಿಯೋ ಪ್ರಶ್ನೆಯೇ ಇಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ ತಿನ್ನೋದು ಅದರಡಿಯ ಕಬ್ಬಿಣದ ಚಾಸಿಯನ್ನ, ಅಂದರೆ ಇಡೀ ಕಾರನ್ನ ಹೊರುವ ತಳದ ಚೌಕಟ್ಟನ್ನ, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ. ಮೇಲೆ ಹೊಳೆಯುವ ಕಾರಿನಡಿ ಪುಡಿಪುಡಿ ಚಾಸಿ ಇರೋ ಸಾಧ್ಯತೆ ಇದರಲ್ಲಿ ಬೇರೆ ಕಾರಿಗಿಂತ ಜಾಸ್ತಿ.

ಮೊದಲು ಕಾಗದ. ಮೂರನೇ ಮಾಲೀಕರು ಅಂದರೆ ಆರ್‌ಸಿಯಲ್ಲಿ ಓನರ್ ಸೀರಿಯಲ್ 3 ಅಂತಿರಬೇಕು. ಅಲ್ಲಿ 1 ಅಂತಿದ್ದರೆ ನಡುವೆ ಯಾರೂ ಹೆಸರು ಬದಲಿಸಿಕೊಂಡಿಲ್ಲ, ಸಹಿ ಮಾಡಿದ ಖಾಲಿ 29, 30ನೇ ನಮೂನೆಗಳೇ (ಮಾಲೀಕರ ಹೆಸರು ಬದಲಿಸುವ ಅರ್ಜಿಗಳು) ಕೈಯಿಂದ ಕೈಗೆ ಬಂದಿವೆ. ಆಗ ಕಾನೂನಿನ ಪ್ರಕಾರ ಮಾರಬೇಕಾದವರು ಗೋವಾದ ಆ ಮೊದಲನೆಯವರೇ. ಅವರು ತೀರಿಕೊಂಡಿದ್ದರೆ ವಾರಸುದಾರರು 31ನೇ ನಮೂನೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೇ ನಿಮಗೆ ದಾರಿ. ಸಾಲದ ನಮೂದು ಇದ್ದರೆ ಅದನ್ನ ತೆಗೆಸಲು ಬ್ಯಾಂಕಿನ ಪತ್ರ ಮತ್ತು 35ನೇ ನಮೂನೆ. ಆಮೇಲೆ ಗೋವಾ ಆರ್‌ಟಿಒದಿಂದ 28ನೇ ನಮೂನೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ನಂಬರನ್ನ ನಮ್ಮ ಕಾರವಾರದ ಕೆಎ-30ಕ್ಕೋ ಹೊನ್ನಾವರದ ಕೆಎ-47ಕ್ಕೋ ಬದಲಿಸಲು 27ನೇ ನಮೂನೆ, ಜೊತೆಗೆ ಇಲ್ಲಿಯ ರಸ್ತೆ ತೆರಿಗೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟನ್ನ (ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಮೂಡುವ ಅಚ್ಚು) ನೀವೇ ತೆಗೆದು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ತುಕ್ಕಲ್ಲಿ ನಂಬರೇ ಮಾಸಿಹೋಗಿದ್ದರೆ ಅಲ್ಲಿಗೇ ಕೈಬಿಡೋದು ಒಳ್ಳೆಯದು.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು, ವಿಂಟೇಜ್ ನೋಂದಣಿ (ತುಂಬಾ ಹಳೇ ವಾಹನಗಳ ಬೇರೆಯೇ ನೋಂದಣಿ) ಮಾಡಿಸಿ ಅಂದಿದ್ದಾರೆ. 2021ರ ಆ ನಿಯಮ 50 ವರ್ಷ ದಾಟಿದ ವಾಹನಕ್ಕೆ ಮಾತ್ರ. ಬೆಂಗಳೂರಿನ ಸ್ಯಾನ್ ಬಳಗ ಗೋವಾದಲ್ಲಿ ತಯಾರಿಸಿ ಈ ಕಾರನ್ನ ತಂದಿದ್ದೇ 1998ರಲ್ಲಿ. ಹಾಗಾಗಿ ಇದಕ್ಕೆ 15 ವರ್ಷದ ನಂತರದ ಮಾಮೂಲಿ ನವೀಕರಣವೇ, ಐದೈದು ವರ್ಷಕ್ಕೆ.

ಈಗ ಚಾಸಿ. ಕಾರನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತಿಂದುಹೋದದ್ದು ಬೊದ್ ಅಂತ ಮಂಕಾಗುತ್ತೆ. ಮಂಕಾದ ಕಡೆ ದಪ್ಪ ಸ್ಕ್ರೂಡ್ರೈವರ್ ಒತ್ತಿದರೆ ತುಕ್ಕಿನ ಹಕ್ಕಳೆ ಎದ್ದುಬಂದು ತುದಿ ಒಳಗೇ ಹೋಗಬಹುದು. ಫೈಬರ್ ಬಂದು ಚಾಸಿಗೆ ಬೋಲ್ಟ್ ಆಗುವ ಜಾಗಗಳನ್ನ ಬಿಡಬೇಡಿ, ನೀರು ನಿಂತು ಒಣಗದೇ ಇರೋದು ಅಲ್ಲೇ. ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೆ ಎರಡು ಕಡೆ ಕೆರೆದು ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಕಾರಣ ಇದೆ ಅಂತಲೇ ಅರ್ಥ.

ವೆಲ್ಡಿಂಗ್ ಬೇಕಾದರೆ ಬಾಡಿ ಎತ್ತಿಯೇ ಮಾಡಿಸಿ. ಪಕ್ಕದಲ್ಲೇ ಕಿಡಿ ಹಾರಿದರೆ ಫೈಬರಿನ ರೆಸಿನ್ (ನಾರನ್ನ ಹಿಡಿದಿಡುವ ಅಂಟು) ಸುಡುತ್ತೆ, ಬೆಂಕಿಯೂ ಹತ್ತುತ್ತೆ. ಬೋಲ್ಟಿಗೆ ತುಕ್ಕುಬಿಡಿಸೋ ಎಣ್ಣೆ ಹಾಕಿ ಎರಡು ಮೂರು ದಿನ ಬಿಡಿ. ಅವಸರ ಮಾಡಿದರೆ ಫೈಬರಿನೊಳಗೆ ಕೂರಿಸಿದ ನಟ್ಟೇ ಬೋಲ್ಟಿನ ಜೊತೆ ತಿರುಗಿ ತೂತು ದೊಡ್ಡದಾಗುತ್ತೆ.

ಫೈಬರ್ ಕೆಲಸಕ್ಕೆ ನಾವು ಪುಣ್ಯವಂತರು. ಕಾರವಾರದ ಬೈತಖೋಲ್, ಕುಮಟಾ ಕಡೆಯ ತದಡಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರ ಕೈಗೆ ಈ ಸಾಮಾನು ಚೆನ್ನಾಗಿ ಗೊತ್ತು. ಆದರೆ ದೋಣಿಯ ದಪ್ಪ ಕಾರಿಗೆ ಬೇಡ, ಚದರ ಮೀಟರಿಗೆ 300 ಗ್ರಾಂ ತೂಗುವ ಮ್ಯಾಟ್ (ಗಾಜಿನ ನಾರಿನ ಹಾಸು) ಸಾಕು ಅನ್ನಿ. ಬಿರುಕಿನ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಬಿರುಕು ಅದೇ ಜಾಗದಲ್ಲಿ ತಿರುಗಿ ಬರುತ್ತೆ. ಬಿರುಕಿನ ಕೊನೆವರೆಗೂ ಅಗಲವಾಗಿ ಇಳಿಜಾರಾಗಿ ಉಜ್ಜಿ, ಹಿಂಬದಿಯಿಂದಲೂ ಮ್ಯಾಟ್ ಕೂರಿಸಬೇಕು. ಒಂದು ಕೆ.ಜಿ. ರೆಸಿನ್‌ಗೆ 10ರಿಂದ 15 ಎಂ.ಎಲ್. ಹಾರ್ಡ್ನರ್ (ರೆಸಿನ್ ಗಟ್ಟಿಮಾಡುವ ದ್ರವ) ಸಾಮಾನ್ಯ. ಗಟ್ಟಿಯಾಗೋದನ್ನ ಬೇಗ ಮಾಡುವ ಕೋಬಾಲ್ಟ್ ದ್ರವವನ್ನ ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಹಾರ್ಡ್ನರ್ ಆಮೇಲೆ. ಇವೆರಡನ್ನ ನೇರ ಸೇರಿಸಿದರೆ ಸ್ಫೋಟವಾಗುತ್ತೆ, ಹುಷಾರು. ಮಳೆಗಾಲದಲ್ಲಿ ಮ್ಯಾಟ್ ತೇವ ಎಳೆದು ಪದರ ಬಿಡುತ್ತೆ. ದೀಪಾವಳಿ ಕಳೆದ ಮೇಲೆ ಶುರುಮಾಡಿ ಶಿವರಾತ್ರಿ ಒಳಗೆ ಮುಗಿಸಿ.

ವೈರಿಂಗ್‌ನಲ್ಲಿ ಹೆಚ್ಚಿನ ಎಲೆಕ್ಟ್ರಿಷಿಯನ್ನರು ಎಡವೋದು ಅರ್ಥಿಂಗ್‌ನಲ್ಲಿ, ಅಂದರೆ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿಯಲ್ಲಿ. ತಗಡಿನ ಕಾರಿನ ಹಾಗೆ ಇಲ್ಲಿ ಬಾಡಿಯೇ ಅರ್ಥ್ ಅಲ್ಲ, ಪ್ರತಿ ದೀಪದಿಂದ ಪ್ರತ್ಯೇಕ ತಂತಿ ಬಂದಿರಬೇಕು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣಕ್ ಅಂದರೆ ಬಲ್ಬ್ ಬದಲಿಸಬೇಡಿ. ದೀಪ ಹೊತ್ತಿಸಿಟ್ಟು ಅದರ ಅರ್ಥ್ ತಂತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿಯಿರಿ. 0.2 ವೋಲ್ಟ್ ಮೀರಿದರೆ ತಂತಿಯೋ ಜೋಡಣೆಯೋ ಹಸಿರುಗಟ್ಟಿದೆ.

ಎಂಜಿನ್ ಬಗ್ಗೆ ಅಷ್ಟು ಚಿಂತೆ ಬೇಡ. ಅದು ರೆನೋ ಕಂಪನಿಯ 1149 ಸಿಸಿಯ ಡಿ7ಎಫ್ ಎಂಜಿನ್, 60 ಎಚ್‌ಪಿ. ರೆನೋದ ಟ್ವಿಂಗೊ, ಕ್ಲಿಯೊ ಕಾರುಗಳಿಗೂ ಇದೇ ಇದ್ದದ್ದರಿಂದ ಆ ಹೆಸರು ಹೇಳಿ ಭಾಗ ತರಿಸಬಹುದು. ಇಲ್ಲಿ ಸಿಗೋ ಲೋಗನ್ ಕಾರಿನ ಬೆಲ್ಟ್ ಆಗುತ್ತೆ ಅಂತ ಯಾರಾದರೂ ಅಂದರೆ ಕೇಳಬೇಡಿ, ಅದರ ಎಂಜಿನ್ನೇ ಬೇರೆ. ಹೋದ ಕೂಡಲೇ ಸೆಲ್ಫ್ ಮಾತ್ರ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ 5ರಿಂದ 10 ಎಂ.ಎಲ್. ಎಂಜಿನ್ ಆಯಿಲ್ ಬಿಟ್ಟು, ಮಾರನೇ ದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಟೈಮಿಂಗ್ ಬೆಲ್ಟ್, ಅದನ್ನ ಬಿಗಿಹಿಡಿಯುವ ಟೆನ್ಶನರ್ ಬದಲಿಸದೆ ಸ್ಟಾರ್ಟ್ ಬೇಡ. ಹಳೇ ಪೆಟ್ರೋಲ್ ಖಾಲಿಮಾಡಿ, ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಶೇ. 20 ಎಥೆನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲಿಗೆ ಹಳೇ ರಬ್ಬರ್ ಉಬ್ಬಿ ಸೀಳುತ್ತೆ. ಬ್ರೇಕ್ ಹೋಸ್, ಬ್ರೇಕ್ ಆಯಿಲ್ ಕೂಡ ಹೊಸದೇ.

ರೇಟು ಮಾತಾಡೋ ಮುಂಚೆ ಮುಂದಿನ ಗಾಜು, ದೀಪಗಳು, ಮಡಿಚುವ ಛಾವಣಿಯ ಚೌಕಟ್ಟು, ಬಾಗಿಲ ಬಿಡಿಭಾಗ ಎಲ್ಲ ಇವೆಯೇ ಅಂತ ಕೂತು ಎಣಿಸಿ. ಛಾವಣಿಯ ಬಟ್ಟೆ ಹೊಲಿಸಬಹುದು, ಚೌಕಟ್ಟು ಹೊಲಿಸಲಿಕ್ಕಾಗಲ್ಲ. ಪೆನ್ಸಿಲ್ ಪ್ರಿಂಟ್ ಹೋಲಿಸಿ ಆದ ಮೇಲೆ ಚಾಸಿಯ ಅಡಿಯ ಫೋಟೊ ತೆಗೆದು, ನಂಬರ್ ಮರೆಮಾಡಿ ಇಲ್ಲಿ ಹಾಕಿ, ನೋಡಿ ಹೇಳ್ತೇನೆ. ಅಲ್ಲಿವರೆಗೆ ಮುಂಗಡ ಕೊಡಬೇಡಿ.