ಕ್ಯಾಲೆಂಡರಿನ ಖಾಲಿ ಚೌಕ: ಮೂರು ಗರ್ಭಗಳು ನಿಲ್ಲದ ಮೇಲೆ

ಅವರನ್ನು ಸುಮಾ ಎಂದು ಕರೆಯುತ್ತೇನೆ. ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಅವರೂ ಅವರ ಪತಿಯೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಸುಮಾ ಅವರಿಗೆ 31 ವರ್ಷ. ತುಮಕೂರು ಕಡೆಯ ಪಟ್ಟಣವೊಂದರಲ್ಲಿ ಪ್ರೌಢಶಾಲೆಯ ಶಿಕ್ಷಕಿ. ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಗರ್ಭ ಧರಿಸಿದ್ದರು, ಮೂರೂ ನಿಲ್ಲಲಿಲ್ಲ.

‘ನಿಲ್ಲಲಿಲ್ಲ’ ಎಂಬುದು ಅವರದೇ ಮಾತು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಬಳಸುವ ಈ ಮಾತು ನನಗೆ ಇಷ್ಟ. ಅದರಲ್ಲಿ ಯಾರ ಮೇಲೂ ಆರೋಪವಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಮಾತ್ರ ‘ಮಿಸ್ಡ್ ಅಬಾರ್ಷನ್’ ಎಂದು ಬರೆದಿತ್ತು. ಗಂಡನ ಕಡೆಯ ಬಂಧುವೊಬ್ಬರು ಅದನ್ನು ಓದಿ, “ತೆಗೆಸಿದ್ದು ಯಾಕೆ?” ಎಂದು ಕೇಳಿದರಂತೆ. ತಾನಾಗಿ ಹೋದ ಗರ್ಭಕ್ಕೂ ವೈದ್ಯರು ಅದೇ ಪದ ಬಳಸುತ್ತಾರೆ ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಒಂದು ಪ್ರಶ್ನೆ ಸುಮಾ ಅವರ ಎದೆಯಲ್ಲಿ ಎಂಟು ತಿಂಗಳು ಕುಳಿತಿತ್ತು.

ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಮೊದಲ ಭೇಟಿಗೆ ಒಬ್ಬರೇ ಬಂದರು. ಬಟ್ಟೆ ಅಂಗಡಿಯ ಚೀಲದಲ್ಲಿ ದಪ್ಪನೆಯ ಫೈಲು. ಕುಳಿತವರೇ ಅದರಿಂದ ಒಂದು ವರದಿ ತೆಗೆದು ಮೇಜಿನ ಮೇಲಿಟ್ಟು, “ನನ್ನ ರಕ್ತದಲ್ಲೇ ದೋಷವಿದೆ ಮೇಡಂ” ಎಂದರು. ಎರಡನೆಯ ಗರ್ಭ ಹೋದ ಮೇಲೆ ಮಾಡಿಸಿದ ರಕ್ತಪರೀಕ್ಷೆ ಅದು. ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಫ್ಯಾಕ್ಟರ್ ಫೈವ್ ಲೈಡನ್ ಎಂಬ ಮ್ಯುಟೇಶನ್ (ಜೀನ್‌ನ ವ್ಯತ್ಯಾಸ) ಇದೆ, ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ. ಎಂಟಿಎಚ್‌ಎಫ್‌ಆರ್ ಎಂಬ ಜೀನ್‌ನಲ್ಲೂ ಒಂದು ವ್ಯತ್ಯಾಸವಿದೆ. ವರದಿ ಕೈಗೆ ಬಂದ ದಿನ ತಮಗೆ ಸಂತೋಷವೇ ಆಗಿತ್ತು ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಕೊನೆಗೂ ಒಂದು ಕಾರಣ ಸಿಕ್ಕಿತ್ತು, ಕಾರಣಕ್ಕೆ ಒಂದು ಔಷಧಿಯೂ ಸಿಕ್ಕಿತ್ತು. ಮೂರನೆಯ ಬಾರಿ ಗರ್ಭ ನಿಂತಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ದಿನಕ್ಕೊಂದರಂತೆ ಶುರುವಾಯಿತು. ಹೊಟ್ಟೆಯ ಚರ್ಮಕ್ಕೆ ಕೊಡುವ ಸೂಜಿ. ಪ್ರತಿ ರಾತ್ರಿ ಒಂಬತ್ತಕ್ಕೆ ಪತಿ ನಾಗೇಶ್ ಅವರೇ ಕೊಡುತ್ತಿದ್ದರು. ಹೊಟ್ಟೆಯ ತುಂಬ ನೀಲಿ ಕಲೆಗಳು. ಆದರೂ ಒಂಬತ್ತು ವಾರಕ್ಕೆ ಅದೂ ಹೋಯಿತು.

ಇಂಥ ಹೊತ್ತಿನಲ್ಲಿ “ನಿಮ್ಮ ತಪ್ಪೇನೂ ಇಲ್ಲ” ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಡುತ್ತದೆ. ನಾನು ಅದನ್ನು ತಡೆದುಕೊಂಡೆ. ಆ ಮಾತನ್ನು ತಾಯಿ, ಡಾಕ್ಟರು, ಸಹೋದ್ಯೋಗಿಗಳು ಎಲ್ಲರೂ ಆಗಲೇ ಹೇಳಿದ್ದರು. ಯಾವುದನ್ನು ತಪ್ಪು ಎಂದುಕೊಂಡಿದ್ದಾರೆ ಎಂದು ಕೇಳದೆ ತಪ್ಪಿಲ್ಲ ಎಂದುಬಿಟ್ಟರೆ, ಕೇಳುವವರ ಮನಸ್ಸು ‘ಇವರಿಗೆ ನಿಜ ಗೊತ್ತಿಲ್ಲ, ಅದಕ್ಕೇ ಹೀಗೆನ್ನುತ್ತಾರೆ’ ಎಂದು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಹಾಗಾಗಿ ನಿದ್ರೆ, ಊಟ, ಶಾಲೆಯ ಕೆಲಸ ಹೇಗಿವೆ ಎಂದು ವಿಚಾರಿಸಿದೆ. ಸಾಯಬೇಕು ಅನ್ನಿಸಿದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಅನ್ನಿಸಿಲ್ಲ, ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತದೆ ಎಂದರು. ಅಂಥ ಯೋಚನೆ ಬಂದರೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಅಲ್ಲೇ ಸೇರಿಸಿಕೊಟ್ಟೆ. ಹೊರಡುವಾಗ ಒಂದೇ ಪ್ರಶ್ನೆ ಕೇಳಿದೆ: “ನೀವು ಮಾಡಿದ್ದೇನು ಎಂದು ನಿಮಗೆ ಅನ್ನಿಸುತ್ತಿದೆ?” ಅವರು ಉತ್ತರಿಸಲಿಲ್ಲ.

ಉತ್ತರ ಎರಡನೆಯ ಭೇಟಿಗೆ ಬಂತು, ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರಿನ ರೂಪದಲ್ಲಿ. ತಿಥಿ, ನಕ್ಷತ್ರ, ರಾಹುಕಾಲ ಬರೆದಿರುವ, ಎಲ್ಲ ಮನೆಗಳಲ್ಲೂ ಇರುವಂಥ ಕ್ಯಾಲೆಂಡರು. ಪ್ರತಿ ಚೌಕದ ಮೂಲೆಯಲ್ಲೂ ಹಸಿರು ಪೆನ್ನಿನ ಸಣ್ಣ ಗೆರೆ. ಸೂಜಿ ತೆಗೆದುಕೊಂಡ ಗುರುತು. ಒಂದು ಚೌಕ ಮಾತ್ರ ಖಾಲಿ. ಅಂದು ತಮ್ಮನ ಮನೆಯ ಗೃಹಪ್ರವೇಶ. ಸೂಜಿಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ನಾಗೇಶ್ ರಾತ್ರಿಯೇ ಹೋಗಿ ತರುತ್ತೇನೆಂದು ಹೊರಟಾಗ, “ಒಂದು ದಿನಕ್ಕೆ ಏನಾಗುತ್ತದೆ” ಎಂದು ತಡೆದವರು ಸುಮಾ. ಐದು ದಿನಗಳ ನಂತರದ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಇರಲಿಲ್ಲ.

“ಮಗುವನ್ನು ಕೊಂದದ್ದು ಈ ಚೌಕ ಮೇಡಂ” ಎಂದರು.

ಆ ರಾತ್ರಿಯ ಬಗ್ಗೆ ಗಂಡ ಹೆಂಡತಿ ಎಂಟು ತಿಂಗಳಲ್ಲಿ ಒಮ್ಮೆಯೂ ಮಾತನಾಡಿರಲಿಲ್ಲ. ಮೂರನೆಯ ಭೇಟಿಗೆ ನಾಗೇಶ್ ಅವರನ್ನೂ ಕರೆಸಿದೆ. ಡಬ್ಬಿ ಇಟ್ಟುಕೊಳ್ಳಲು ಮರೆತದ್ದು ತಾನು, ಹೆಂಡತಿ ಬೇಡವೆಂದರೂ ಹೋಗಿ ತರಬೇಕಿತ್ತು ಎಂಬ ಭಾರವನ್ನು ಅವರು ಬೇರೆಯೇ ಹೊತ್ತಿದ್ದರು. ಹೆಂಡತಿಯ ಮೌನವನ್ನು ತನ್ನ ಮೇಲಿನ ಸಿಟ್ಟು ಎಂದು ತಿಳಿದಿದ್ದರು. ಗಂಡನ ಮೌನವನ್ನು ಆಕೆಯೂ ಹಾಗೆಯೇ ತಿಳಿದಿದ್ದರು.

ಔಷಧಿಯ ವಿಷಯದಲ್ಲಿ ತೀರ್ಪು ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ. ಹಾಗೆಂದು, ತಪ್ಪು ತಿಳಿವಳಿಕೆಯ ಮೇಲೆ ನಿಂತ ಅಪರಾಧಭಾವವನ್ನು ಬರೀ ಸಾಂತ್ವನದಿಂದ ಅಲುಗಾಡಿಸಲೂ ಆಗುವುದಿಲ್ಲ. ದಂಪತಿಯ ಒಪ್ಪಿಗೆ ಪಡೆದು, ಪರಿಚಯದ ರಕ್ತರೋಗ ತಜ್ಞೆಯೊಬ್ಬರೊಡನೆ ನಾವು ಮೂವರೂ ಕುಳಿತೆವು. ಫೈಲನ್ನು ಮೊದಲ ಪುಟದಿಂದ ಓದಲು ಅವರು ಒಂದು ಗಂಟೆ ಕೊಟ್ಟರು. ಆ ಒಂದು ಗಂಟೆಗೆ ನಾನು ಇಂದಿಗೂ ಕೃತಜ್ಞಳು.

ಅವರು ಮೊದಲು ಹುಡುಕಿದ್ದು ಕೊನೆಯ ಸ್ಕ್ಯಾನಿಂಗ್ ವರದಿಯನ್ನು. ಅಂದಿಗೆ ಗರ್ಭಕ್ಕೆ 9 ವಾರ 1 ದಿನ ಆಗಿರಬೇಕಿತ್ತು. ಭ್ರೂಣದ ಅಳತೆ 7 ವಾರ 4 ದಿನಕ್ಕೆ ನಿಂತಿತ್ತು. ಸೂಜಿ ತಪ್ಪಿದ್ದು 8 ವಾರ 3 ದಿನಕ್ಕೆ. ಅಳತೆಯಲ್ಲಿ ಒಂದೆರಡು ದಿನ ಹೆಚ್ಚು ಕಡಿಮೆ ಇರಬಹುದಾದರೂ, ಬೆಳವಣಿಗೆ ಆ ರಾತ್ರಿಗಿಂತ ಮೊದಲೇ ನಿಂತಿತ್ತು ಎಂದೇ ಈ ವರದಿ ತೋರಿಸುತ್ತದೆ ಎಂದರು. ಆ ಕಾಗದ ಎಂಟು ತಿಂಗಳಿಂದ ಸುಮಾ ಅವರ ಚೀಲದಲ್ಲೇ ಇತ್ತು.

ಸೂಜಿಯ ಬಗ್ಗೆಯೂ ತಜ್ಞೆ ಮುಚ್ಚುಮರೆಯಿಲ್ಲದೆ ಹೇಳಿದರು. ಮಾಸುಚೀಲದ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಗರ್ಭ ಹೋಗುತ್ತಿರಬಹುದು, ಹೆಪಾರಿನ್ ಅದನ್ನು ತಡೆಯಬಹುದು ಎಂಬ ನಂಬಿಕೆ ಬಹಳ ಕಾಲ ಇತ್ತು. 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಲೈಫ್2 ಎಂಬ ಅಧ್ಯಯನ ಪ್ರಕಟವಾಯಿತು. ರಕ್ತ ಬೇಗ ಹೆಪ್ಪುಗಟ್ಟುವ ಇಂಥ ಆನುವಂಶಿಕ ಗುಣವಿದ್ದು, ಎರಡು ಅಥವಾ ಹೆಚ್ಚು ಗರ್ಭ ಕಳೆದುಕೊಂಡಿದ್ದ 326 ಮಹಿಳೆಯರು ಅದರಲ್ಲಿದ್ದರು. ಹೆಪಾರಿನ್ ಪಡೆದವರಲ್ಲಿ ನೂರಕ್ಕೆ ಸುಮಾರು 72 ಮಂದಿಗೆ, ಪಡೆಯದವರಲ್ಲಿ ನೂರಕ್ಕೆ ಸುಮಾರು 71 ಮಂದಿಗೆ ಜೀವಂತ ಮಗು ಹುಟ್ಟಿತು. ದಿನವೂ ತೆಗೆದುಕೊಂಡರೂ, ಒಂದು ದಿನವೂ ತೆಗೆದುಕೊಳ್ಳದಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಒಂದು ರಾತ್ರಿಯ ಸೂಜಿಯ ಮೇಲೆ ಒಂದು ಜೀವದ ಹೊಣೆ ಹೊರಿಸಲಾಗದು. ಎಂಟಿಎಚ್‌ಎಫ್‌ಆರ್ ವ್ಯತ್ಯಾಸವಂತೂ ತುಂಬ ಜನರಲ್ಲಿ ಇರುವಂಥದ್ದು, ಗರ್ಭ ನಿಲ್ಲದಿರುವುದಕ್ಕೆ ಅದನ್ನು ಕಾರಣವೆಂದು ಹಿಡಿಯಬೇಕಾಗಿಲ್ಲ, ಎಲ್ಲರಂತೆ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ಸಾಕು ಎಂದರು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಆ ಭ್ರೂಣದ್ದೇ ವರ್ಣತಂತುಗಳ (ಕ್ರೋಮೊಸೋಮ್) ಏರುಪೇರು ಕಾರಣ. ಸುಮಾ ಅವರ ಮೂರೂ ಬಾರಿ ಭ್ರೂಣದ ವರ್ಣತಂತು ಪರೀಕ್ಷೆ ಆಗಿರಲಿಲ್ಲ. ಹಾಗಾಗಿ ಕಾರಣ ತಿಳಿಯುವ ದಾರಿ ಈಗ ಇಲ್ಲ.

ಓದುವವರಲ್ಲಿ ಈಗ ಇಂಥ ಸೂಜಿ ತೆಗೆದುಕೊಳ್ಳುತ್ತಿರುವವರು ಇದ್ದರೆ, ಈ ಲೇಖನ ಓದಿ ದಯವಿಟ್ಟು ನಿಲ್ಲಿಸಬೇಡಿ. ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂಬುದು ಬೇರೆಯೇ ತೊಂದರೆ. ಅದು ಹುಟ್ಟಿನಿಂದ ಬಂದದ್ದಲ್ಲ, ಮತ್ತು ಅದರಲ್ಲಿ ಆಸ್ಪಿರಿನ್ ಜೊತೆಗೆ ಹೆಪಾರಿನ್ ಗರ್ಭವನ್ನು ಉಳಿಸಲು ನೆರವಾಗುತ್ತದೆ. ಅದರ ಪರೀಕ್ಷೆಯನ್ನು ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಬಾರಿ ಮಾಡುತ್ತಾರೆ. ಸುಮಾ ಅವರಿಗೆ ಎರಡು ಬಾರಿಯೂ ಇಲ್ಲವೆಂದು ಬಂದಿತ್ತು. ತಾಯಿಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಎಂದು ಸೂಜಿ ಬರೆದುಕೊಟ್ಟಿರುವುದೂ ಉಂಟು. ನಿಮಗೆ ಯಾಕೆ ಕೊಟ್ಟಿದ್ದಾರೆ ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಆ ಗಂಟೆ ಮುಗಿದಾಗ ಸುಮಾ ಹಗುರಾಗುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಬಿಕ್ಕಿ ಬಿಕ್ಕಿ ಅತ್ತರು. “ಹಾಗಾದರೆ ಗೃಹಪ್ರವೇಶದ ದಿನ ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದಾಗ, ಅದು ಆಗಲೇ ಇರಲಿಲ್ಲವೇ?” ಎಂದು ಕೇಳಿದರು. ನಾಗೇಶ್ ಎದ್ದು ಬಂದು ಅವರ ಪಕ್ಕದಲ್ಲಿ ಕುಳಿತರು. ನಾವಿಬ್ಬರೂ ಸುಮ್ಮನಿದ್ದೆವು. ಇಷ್ಟು ದಿನ ಅವರು ತಮ್ಮ ಮೇಲೆ ಮೊಕದ್ದಮೆ ನಡೆಸುತ್ತಿದ್ದರು. ಮಗುವಿಗಾಗಿ ಅತ್ತದ್ದು ಅಂದೇ ಮೊದಲು. ತಪ್ಪಿತಸ್ಥರನ್ನು ಹುಡುಕುವ ಕೆಲಸ ನೋವನ್ನು ದೂರ ಇಟ್ಟಿರುತ್ತದೆ. ಆ ಕೆಲಸ ನಿಂತಾಗ ನೋವು ಪೂರ್ತಿಯಾಗಿ ಒಳಗೆ ಬರುತ್ತದೆ. ಇದನ್ನು ಮೊದಲೇ ಅಂದಾಜಿಸಿ ಇಬ್ಬರಿಗೂ ಹೇಳಿಡಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುಂದಿನ ಭೇಟಿಗೆ ಸುಮಾ ಅವರ ತಂದೆ ಕೇಳದೆಯೇ ಬಂದರು. ತೆಂಗು, ರಾಗಿ ಬೆಳೆಯುವ ರೈತ. ಹತ್ತು ವರ್ಷಗಳ ಹಿಂದೆ ಕಾಲಿನ ಮೂಳೆ ಮುರಿದು ಮಲಗಿದ್ದಾಗ ಅವರ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಮಗಳ ವರದಿ ಬಂದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಅವರಲ್ಲೂ ಅದೇ ಮ್ಯುಟೇಶನ್ ಕಂಡಿತು. “ಅಮ್ಮಾ, ಮ್ಯುಟೇಶನ್ ಎಂದರೆ ನಮಗೆ ಗೊತ್ತಿರುವುದು ಪಹಣಿಯದು. ಅಪ್ಪನ ಹೆಸರಿನಲ್ಲಿದ್ದದ್ದು ಮಕ್ಕಳ ಹೆಸರಿಗೆ ಬರುವುದು. ನನ್ನ ಹೆಸರಿನಲ್ಲಿದ್ದ ಸಾಲ ಇವಳ ಹೆಸರಿಗೆ ಬಂದಿದೆ” ಎಂದರು. ಮಗಳ ಕಡೆ ನೋಡಲಿಲ್ಲ.

ಅವರ ಮಾತಿನಲ್ಲೇ ಉತ್ತರಿಸಲು ಯತ್ನಿಸಿದೆ. ಜಮೀನು ಯಾರ ಹೆಸರಿಗೆ ಎಂಬುದನ್ನು ಅಪ್ಪ ಆಲೋಚಿಸಿ ಬರೆಸುತ್ತಾನೆ, ಇದನ್ನು ಹಾಗೆ ಯಾರೂ ಬರೆಸುವುದಿಲ್ಲ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ, ಬಾರದಿರುವ ಸಾಧ್ಯತೆಯೂ ಅರ್ಧ. ಗಾಯವಾದಾಗ ರಕ್ತ ಹೆಪ್ಪುಗಟ್ಟಲೇಬೇಕು. ಕೆಲಸ ಮುಗಿದ ಮೇಲೆ ಪ್ರೋಟೀನ್ ಸಿ ಎಂಬುದು ಬಂದು ‘ಸಾಕು’ ಎನ್ನುತ್ತದೆ, ತುಂಬಿದ ಗದ್ದೆಗೆ ನೀರು ಹೋಗದಂತೆ ತೂಬು ಮುಚ್ಚಿದ ಹಾಗೆ. 1994ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಗುರುತಿಸಿದ ಈ ವ್ಯತ್ಯಾಸವಿದ್ದರೆ ತೂಬು ಮುಚ್ಚಲು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಹೀಗಿರುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯೂ ತೊಂದರೆಯಾಗುವುದಿಲ್ಲ. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದರು ಎಂದು ಹೇಳಲಾರೆ.

ಈ ವರದಿ ನಿಜವಾಗಿ ಉಪಯೋಗಕ್ಕೆ ಬರುವುದು ಸುಮಾ ಅವರ ಸ್ವಂತ ಆರೋಗ್ಯಕ್ಕೆ. ತಜ್ಞೆ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆಸಿದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ. ಯಾವ ಶಸ್ತ್ರಚಿಕಿತ್ಸೆಗೂ ಮೊದಲು ವೈದ್ಯರಿಗೆ ಇದನ್ನು ತಿಳಿಸಬೇಕು. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರುಕಟ್ಟುವುದು, ಎದೆನೋವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುಂದೆ ಹೆರಿಗೆಯಾದರೆ ಮೊದಲ ಆರು ವಾರ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಆಗ ತಾಯಿಯ ಸುರಕ್ಷತೆಗಾಗಿ ಹೆಪಾರಿನ್ ಬೇಕೇ ಎಂದು, ತಂದೆಗೆ ಆದದ್ದನ್ನೂ ಗಮನದಲ್ಲಿಟ್ಟು, ವೈದ್ಯರು ನಿರ್ಧರಿಸುತ್ತಾರೆ. ಸುಮಾ ಅವರ ತಂಗಿ ಎರಡು ವರ್ಷಗಳಿಂದ ಅಂಥದೇ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದು ಆ ಹಾಳೆ ಬರೆಯುವಾಗಲೇ ಹೊರಬಂತು. ಮರುವಾರವೇ ಆಕೆ ತಮ್ಮ ವೈದ್ಯರನ್ನು ಕಂಡರು.

ಉಳಿದ ಭೇಟಿಗಳು ಮನೆಯೊಳಗಿನ ಮಾತುಗಳಿಗೇ ಹೋದವು. ಅತ್ತೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಒಮ್ಮೆ ಸರ್ಪಸಂಸ್ಕಾರ ಮಾಡಿಸಿದ್ದರು, ಮತ್ತೊಮ್ಮೆ ಹೋಗೋಣ ಎನ್ನುತ್ತಿದ್ದರು. ಹೋಗಬೇಕೇ ಎಂದು ಸುಮಾ ನನ್ನನ್ನು ಕೇಳಿದರು. ಮನಸ್ಸಿಗೆ ನೆಮ್ಮದಿ ಸಿಗುವುದಾದರೆ ಹೋಗಿ, ಮಾಡಿದ ಪಾಪ ತೊಳೆಯಲು ಎಂದಾದರೆ ಈಗ ಬೇಡ, ಯಾಕೆಂದರೆ ಪಾಪ ಮಾಡಿದ್ದೇನೆ ಎಂಬ ಭಾವ ಇನ್ನಷ್ಟು ಗಟ್ಟಿಯಾಗುತ್ತದೆ ಎಂದೆ. ಈ ಬಾರಿ ಬೇಡವೆಂದು ಅತ್ತೆಗೆ ನಾಗೇಶ್ ಹೇಳಿದರು. ಇಂಥ ಮಾತನ್ನು ಗಂಡನೇ ತನ್ನ ತಾಯಿಗೆ ಹೇಳಬೇಕು, ಸೊಸೆಯ ಬಾಯಿಗೆ ಬಿಡಬಾರದು ಎಂಬುದು ನನ್ನ ಖಚಿತ ಸಲಹೆ. ‘ಅಬಾರ್ಷನ್’ ಪದದ ಅರ್ಥವನ್ನು ಆ ಬಂಧುವಿಗೆ ತಿಳಿಸಿದವರೂ ಅವರೇ.

ನಾದಿನಿಯ ಸೀಮಂತ ಬಂತು. ಹೋದರೆ ಎದೆ ಒಡೆಯುತ್ತದೆ, ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹಿಂದಿನ ದಿನವೇ ಒಬ್ಬರೇ ಹೋಗಿ, ಮಡಿಲು ತುಂಬಿ, ಹರಸಿ ಬರಬಹುದಲ್ಲವೇ ಎಂದು ಸೂಚಿಸಿದೆ. ಹಾಗೇ ಮಾಡಿದರು. ನಾದಿನಿ ಅವರನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ. ಹೆರಿಗೆಯಾಗಬೇಕಿದ್ದ ಮೂರು ದಿನಾಂಕಗಳನ್ನೂ ಇಬ್ಬರೂ ಸೇರಿ ಗುರುತಿಸಿಕೊಳ್ಳಲು ಹೇಳಿದೆ. ಅಂಥ ದಿನ ಯಾಕೆ ಮಂಕಾಗಿದ್ದೇವೆಂದು ತಿಳಿಯದೆ ಪರಸ್ಪರ ಸಿಡುಕುವುದು ಅದರಿಂದ ತಪ್ಪುತ್ತದೆ.

ಮತ್ತೊಮ್ಮೆ ಪ್ರಯತ್ನಿಸುವ ಬಗ್ಗೆ ಅವರು ಇನ್ನೂ ನಿರ್ಧರಿಸಿಲ್ಲ. ಆರು ತಿಂಗಳು ಆ ಮಾತೇ ಬೇಡ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಪ್ರಯತ್ನಿಸಿದರೆ ಮೊದಲ ವಾರಗಳಿಂದಲೇ ಆಗಾಗ ನೋಡಲು, ಅಕಸ್ಮಾತ್ ನಿಲ್ಲದಿದ್ದರೆ ವರ್ಣತಂತು ಪರೀಕ್ಷೆ ಮಾಡಿಸಲು ವೈದ್ಯರು ಒಪ್ಪಿದ್ದಾರೆ. ಏಳನೆಯ ಭೇಟಿಯ ಕೊನೆಯಲ್ಲಿ, ಅಲಮಾರಿಯಲ್ಲಿ ಸೀರೆಗಳ ಕೆಳಗೆ ಉಳಿದಿರುವ ಸೂಜಿಗಳನ್ನು ಏನು ಮಾಡಲಿ ಎಂದು ಸುಮಾ ಕೇಳಿದರು. ಕಸಕ್ಕೆ ಹಾಕಬೇಡಿ, ಆಸ್ಪತ್ರೆಯಲ್ಲಿ ಸೂಜಿಗಳಿಗೆಂದೇ ಇರುವ ಡಬ್ಬಿಗೆ ಕೊಡಿ ಎಂದೆ. ಕ್ಯಾಲೆಂಡರನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದರು. ಆ ಮಗು ಇದ್ದ ದಿನಗಳ ಲೆಕ್ಕ ಬೇರೆಲ್ಲೂ ಇಲ್ಲ. ಮುಂದಿನ ಭೇಟಿಗೆ ಅಪ್ಪನನ್ನೂ ಕರೆತರಲೇ ಎಂದು ಕೇಳಿದರು, ಅವರು ರಾತ್ರಿ ಸರಿಯಾಗಿ ಮಲಗುತ್ತಿಲ್ಲವಂತೆ.